ಚುಸೋಕ್ ಹಬ್ಬದಲ್ಲಿ ಕಾವಲಿ ಮುಂದೆ ಕೂತವರು

2022ರ ಸೆಪ್ಟೆಂಬರ್ 5. ಚುಸೋಕ್ ಹಬ್ಬಕ್ಕೆ ಇನ್ನೈದೇ ದಿನ. ಕೊರಿಯಾದ ಸೋಲ್‌ನಲ್ಲಿ ಸುಂಗ್‌ಕ್ಯುನ್‌ಕ್ವಾನ್ ಸಂಸ್ಥೆಯವರು ಪತ್ರಕರ್ತರನ್ನು ಕರೆದು ಒಂದು ವಿಷಯ ಹೇಳಿದರು. ಹಿರಿಯರಿಗೆ ಎಡೆ ಇಡಲು ಎಣ್ಣೆಯಲ್ಲಿ ಬೇಯಿಸಿದ ತಿಂಡಿ ಬೇಕಾಗಿಲ್ಲ. ಆರು ಬಗೆ ಇದ್ದರೆ ಸಾಕು, ತೀರಾ ಬೇಕೆನಿಸಿದರೆ ಒಂಬತ್ತಕ್ಕೆ ನಿಲ್ಲಿಸಿ.

ಇದರಲ್ಲೇನಿದೆ ದೊಡ್ಡ ಸುದ್ದಿ ಅಂತೀರಾ? ಸುಂಗ್‌ಕ್ಯುನ್‌ಕ್ವಾನ್ ಅಂದರೆ 1398ರಲ್ಲಿ ಜೋಸೊನ್ ವಂಶದ ಅರಸರು ಕಟ್ಟಿದ ಕನ್‌ಫ್ಯೂಷಿಯಸ್ ವಿದ್ಯಾಪೀಠ. ಅಲ್ಲಿನ ಸಂಪ್ರದಾಯಕ್ಕೆ ಅದೇ ಮನೆ. ನಮ್ಮ ಯಾವುದೋ ಹಳೇ ಮಠದವರು ಮೈಕ್ ಮುಂದೆ ಕೂತು "ತಿಥಿಗೆ ವಡೆ ಕಡ್ಡಾಯವಲ್ಲ, ಸೊಸೆಯನ್ನು ಬಿಟ್ಟುಬಿಡಿ" ಅಂದ ಹಾಗಾಯಿತು.

ಕೊರಿಯನ್ ಸೀರಿಯಲ್ ನೋಡುವ ಗೆಳತಿಯರಿಗೆ ಚುಸೋಕ್ ಪರಿಚಯ ಇದ್ದೇ ಇರುತ್ತದೆ. ಉಳಿದವರಿಗಾಗಿ ಹೇಳುತ್ತೇನೆ. ಅವರ ಚಾಂದ್ರಮಾನದ ಎಂಟನೇ ತಿಂಗಳ ಹುಣ್ಣಿಮೆಗೆ ಬರುವ ಸುಗ್ಗಿ ಹಬ್ಬ ಇದು. ಹೆಚ್ಚಿನ ವರ್ಷಗಳಲ್ಲಿ ಅದು ನಮ್ಮ ಭಾದ್ರಪದ ಹುಣ್ಣಿಮೆಯೇ. ಮಾರನೇ ದಿನದಿಂದ ನಮಗೆ ಪಿತೃಪಕ್ಷ. 2025ರಲ್ಲಿ ಅವರ ಪಂಚಾಂಗದಲ್ಲಿ ಅಧಿಕ ಮಾಸ ಬಂದಿತ್ತು. ಹಬ್ಬ ಅಕ್ಟೋಬರ್ 6ಕ್ಕೆ ಹೋಯಿತು, ಅಂದರೆ ನಮ್ಮ ಸೀಗಿ ಹುಣ್ಣಿಮೆಯ ಹೊತ್ತಿಗೆ. ಮಲೆನಾಡಿನ ಹೆಂಗಸರು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆದು ಗದ್ದೆಗೆ ಹೋಗುವ ಹೊತ್ತು. ಒಂದು ವರ್ಷ ಪಿತೃಪಕ್ಷದ ಬಾಗಿಲಲ್ಲಿ, ಇನ್ನೊಂದು ವರ್ಷ ಭೂಮಿ ಹುಣ್ಣಿಮೆಯಲ್ಲಿ. ಚುಸೋಕ್‌ನ ಸ್ವಭಾವವೂ ಹಾಗೇ ಇದೆ. ಅರ್ಧ ಸತ್ತವರದು, ಅರ್ಧ ಬೆಳೆಯದು.

ಗಂಡನ ಕೆಲಸದ ದೆಸೆಯಿಂದ ನಾನು ಕೆಲ ಕಾಲ ಸುವಾನ್ ಊರಲ್ಲಿದ್ದೆ. ಬೆಂಗಳೂರಿನ ಎಂಜಿನಿಯರ್‌ಗಳಿಗೆ ಹೊಸ ಊರೇನಲ್ಲ, ಸ್ಯಾಮ್‌ಸಂಗ್‌ನ ಊರು. ಹಬ್ಬ ಬಂತೆಂದರೆ ಇಡೀ ದೇಶ ಒಟ್ಟಿಗೆ ರಸ್ತೆಗಿಳಿಯುತ್ತದೆ. 1989ರಿಂದ ಮೂರು ದಿನ ಸರ್ಕಾರಿ ರಜೆ: ಹಬ್ಬದ ದಿನ, ಹಿಂದಿನ ದಿನ, ಮುಂದಿನ ದಿನ. ರೈಲು ಟಿಕೆಟ್ ಬಿಟ್ಟ ಕೆಲವೇ ನಿಮಿಷಕ್ಕೆ ಖಾಲಿ. 2017ರಿಂದ ಹಬ್ಬದ ದಿನಗಳಲ್ಲಿ ಹೆದ್ದಾರಿ ಟೋಲ್ ಇಲ್ಲ. ಆದರೂ ಸೋಲ್‌ನಿಂದ ಬುಸಾನ್‌ಗೆ ಹೊರಟವರು ದಿನಪೂರ್ತಿ ಕಾರಲ್ಲೇ ಕೂತಿರುತ್ತಾರೆ. ಎಲ್ಲರ ಕೈಯಲ್ಲೂ ಒಂದೊಂದು ಗಿಫ್ಟ್ ಬಾಕ್ಸ್. ಹಣ್ಣು, ಒಣ ಮೀನು, ಅಡುಗೆ ಎಣ್ಣೆ, ಹಾಂ, ಸ್ಪ್ಯಾಮ್ ಎಂಬ ಡಬ್ಬಿ ಮಾಂಸ. ಕೊರಿಯಾ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರ ಜೊತೆ ಬಂದ ಡಬ್ಬಿ ಅದು. ಈಗ ಅಂದದ ಪೆಟ್ಟಿಗೆಯಲ್ಲಿ ಕೂತು ಹಬ್ಬದ ಉಡುಗೊರೆ ಆಗಿದೆ. ಇದನ್ನು ನೋಡಿ ಮೊದಲ ಸಲ ನಕ್ಕಿದ್ದೆ. ನಾವೂ ದೀಪಾವಳಿಗೆ ಸೋನ್‌ಪಾಪ್ಡಿ ಡಬ್ಬ ಹಂಚುತ್ತೇವಲ್ಲ!

ಹಬ್ಬದ ಬೆಳಿಗ್ಗೆ ಚಾರ್ಯೆ. ಮೇಜಿನ ಮೇಲೆ ಹೊಸ ಅಕ್ಕಿ ಅನ್ನ, ಹಣ್ಣು, ಸೊಪ್ಪು, ಮದ್ಯ ಇಟ್ಟು ಹಿರಿಯರಿಗೆ ಅಡ್ಡಬೀಳುತ್ತಾರೆ. ಸೋಂಗ್‌ಪ್ಯೊನ್ ಇರಲೇಬೇಕು. ಅಕ್ಕಿ ಹಿಟ್ಟಿನ ಪುಟ್ಟ ಅರ್ಧಚಂದ್ರದ ಕಡುಬು, ಒಳಗೆ ಎಳ್ಳೋ ಕಾಳೋ ಹೂರಣ. ಪೈನ್ ಮರದ ಸೂಜಿ ಎಲೆ ಹಾಸಿ ಹಬೆಯಲ್ಲಿ ಬೇಯಿಸುತ್ತಾರೆ, ಆ ಎಲೆಯ ಘಮ ಕಡುಬಿಗೆ ಹತ್ತಿರುತ್ತದೆ. ಅಂದವಾಗಿ ಮಡಚಿದವಳಿಗೆ ಅಂದದ ಮಗಳು ಹುಟ್ಟುತ್ತಾಳಂತೆ. ನೋಡಿ, ಮಡಚುವುದು ಯಾರ ಕೆಲಸ ಅಂತ ಗಾದೆಯಲ್ಲೇ ತೀರ್ಮಾನ ಆಗಿಬಿಟ್ಟಿದೆ.

ಇನ್ನು ಜೋನ್, ಮೊದಲು ಹೇಳಿದೆನಲ್ಲ, ಆ ಎಣ್ಣೆ ತಿಂಡಿ. ಮೀನು, ಸೀಮೆ ಸೋರೆ, ಮಾಂಸ, ಎಲ್ಲವನ್ನೂ ತೆಳ್ಳಗೆ ಮಾಡಿ ಹಿಟ್ಟು, ಮೊಟ್ಟೆಯಲ್ಲಿ ಅದ್ದಿ ಕಾವಲಿ ಮೇಲೆ ಒಂದೊಂದಾಗಿ ಬೇಯಿಸಬೇಕು. ನಮ್ಮ ಪಕ್ಕದ ಮನೆ ಒನ್ನಿ (ವಯಸ್ಸಲ್ಲಿ ದೊಡ್ಡವರನ್ನು ಹೆಂಗಸರು ಅಲ್ಲಿ ಹಾಗೇ ಕರೆಯುವುದು, ನಮ್ಮ ಅಕ್ಕನ ಹಾಗೆ) ಹಬ್ಬದ ಹಿಂದಿನ ದಿನ ಗಂಡನ ಊರಿಗೆ ಹೋದರೆ ಕತ್ತಲಾಗುವ ತನಕ ನೆಲದ ಮೇಲೆ ಪೇಪರ್ ಹಾಸಿಕೊಂಡು ಕಾವಲಿ ಮುಂದೆ ಕೂರುತ್ತಿದ್ದರು. ಕೂದಲು, ಬಟ್ಟೆ, ಉಗುರು, ಎಲ್ಲಾ ಎಣ್ಣೆ ವಾಸನೆ. ಬೆಳಿಗ್ಗೆ ಅಡ್ಡಬೀಳುವವರು ಗಂಡಸರು. "ಅವರು ನನ್ನ ಹಿರಿಯರೂ ಅಲ್ಲ, ಅವರ ಹೆಸರೂ ನನಗೆ ಗೊತ್ತಿಲ್ಲ" ಅಂತ ಒನ್ನಿ ಒಮ್ಮೆ ಅಂದಿದ್ದರು. ತನ್ನ ಅಮ್ಮನ ಮನೆ ಮುಟ್ಟುವಷ್ಟರಲ್ಲಿ ರಜೆ ಮುಗಿಯುತ್ತಾ ಬಂದಿರುತ್ತಿತ್ತು. ಹಬ್ಬ ಮುಗಿದ ಮೇಲೆ ಬರುವ ಸುಸ್ತು, ಸೊಂಟ ನೋವು, ಸಿಟ್ಟು ಇವಕ್ಕೆಲ್ಲ ಸೇರಿಸಿ ಕೊರಿಯನ್ನರು "ಹಬ್ಬದ ಕಾಯಿಲೆ" ಅಂತಲೇ ಹೆಸರಿಟ್ಟಿದ್ದಾರೆ. ಕೆಲ ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಸುಳ್ಳು ಪ್ಲಾಸ್ಟರ್ ಪಟ್ಟಿಗಳು ಮಾರಾಟಕ್ಕಿದ್ದವು. ಕೈ ಮುರಿದಿದೆ ಅಂತ ಅತ್ತೆಗೆ ತೋರಿಸಲು! ನಗು ಬರುತ್ತದೆ, ಆಮೇಲೆ ಬರುವುದಿಲ್ಲ.

ನನಗೆ ಸಿಟ್ಟು ಬಂದದ್ದು ಈ ಹಬ್ಬದ ಹಳೇ ಕಥೆ ಗೊತ್ತಾದ ಮೇಲೆ. 1145ರಲ್ಲಿ ಬರೆದು ಮುಗಿಸಿದ ಸಂಗುಕ್ ಸಾಗಿ ಎಂಬ ಚರಿತ್ರೆಯಲ್ಲಿ ಈ ಹಬ್ಬದ ಮೂಲ ಇದೆ. ಸಿಲ್ಲಾ ರಾಜ್ಯದಲ್ಲಿ ಯುರಿ ಎಂಬ ಅರಸ. ಕ್ರಿ.ಶ. 32ರ ಮಾತು. ರಾಜಧಾನಿಯ ಹೆಂಗಸರನ್ನೆಲ್ಲ ಎರಡು ತಂಡ ಮಾಡಿ, ಇಬ್ಬರು ರಾಜಕುಮಾರಿಯರನ್ನು ನಾಯಕಿಯರನ್ನಾಗಿಸಿ, ಒಂದು ತಿಂಗಳು ನಾರಿನ ನೂಲು ತೆಗೆಯುವ ಪಂದ್ಯ ಇಡಿಸಿದನಂತೆ. ಎಂಟನೇ ತಿಂಗಳ ಹುಣ್ಣಿಮೆಗೆ ಲೆಕ್ಕ. ಸೋತವರು ಗೆದ್ದವರಿಗೆ ಊಟ, ಮದ್ಯ ಕೊಡಬೇಕು. ಆಮೇಲೆ ಹಾಡು, ಕುಣಿತ, ಆಟ. ಸಾವಿರ ವರ್ಷದ ನಂತರ ಬರೆದದ್ದು, ಅಕ್ಷರಶಃ ನಂಬಬೇಕಿಲ್ಲ. ಆದರೆ ಕಥೆಯಲ್ಲಿ ಯಾರಿದ್ದಾರೆ ನೋಡಿ. ಹೆಂಗಸರು. ಅವರ ಕೆಲಸ, ಅವರ ಗೆಲುವು, ಅವರ ಕುಡಿತ, ಅವರ ಹಾಡು. ಕಾವಲಿ ಎಲ್ಲೂ ಕಾಣುವುದಿಲ್ಲ.

ನೈಋತ್ಯ ಕರಾವಳಿಯ ಗಂಗ್‌ಗಂಗ್‌ಸುಲ್ಲೆ ಕುಣಿತವೂ ಹೆಂಗಸರದೇ. ಹುಣ್ಣಿಮೆ ಬೆಳಕಲ್ಲಿ ಕೈ ಕೈ ಹಿಡಿದು ಸುತ್ತು ಕಟ್ಟಿ ಕುಣಿಯುತ್ತಾರೆ. ನಿಧಾನಕ್ಕೆ ಶುರುವಾಗಿ ಕೊನೆಗೆ ಓಟ. 1597ರ ಯುದ್ಧದಲ್ಲಿ ನೌಕಾಪತಿ ಯಿ ಸುನ್‌ಶಿನ್, ಸೈನ್ಯ ದೊಡ್ಡದಿದೆ ಅಂತ ಜಪಾನಿಯರನ್ನು ನಂಬಿಸಲು ಹೆಂಗಸರನ್ನು ಹೀಗೆ ಕುಣಿಸಿದ ಅಂತ ಒಂದು ಕಥೆ ಇದೆ. ಹೆಂಗಸರು ಸುಮ್ನೆ ಖುಷಿಗೆ ಕುಣಿದರು ಅಂದರೆ ಯಾರಿಗೂ ಸಮಾಧಾನ ಇಲ್ಲ, ಅದಕ್ಕೊಬ್ಬ ಸೇನಾಪತಿ ಬೇಕು! ಈ ಕುಣಿತ 2009ರಲ್ಲಿ ಯುನೆಸ್ಕೋದ ಪರಂಪರೆ ಪಟ್ಟಿಗೆ ಸೇರಿತು. ಹಳ್ಳಿಯ ಹುಡುಗಿಯರು ಜೋರಾಗಿ ಹಾಡುವುದು, ರಾತ್ರಿ ಹೊರಗೆ ಹೋಗುವುದು ಆ ಕಾಲದಲ್ಲಿ ತಪ್ಪು. ಈ ಹಬ್ಬದಲ್ಲಿ ಮಾತ್ರ ಬಿಡುತ್ತಿದ್ದರು.

ಹಾಗಾದರೆ ಆ ತುಂಬಿ ತುಳುಕುವ ಮೇಜು ಎಲ್ಲಿಂದ ಬಂತು? ಜೋಸೊನ್ ಕಾಲದಲ್ಲಿ ಹಿರಿಯರ ಪೂಜೆಯೇ ಮನೆತನದ ಗುರುತಾಯಿತು. ಮೇಲಿನವರಂತೆ ಕಾಣಬೇಕು ಅಂತ ಉಳಿದವರೂ ಮೇಜು ಬೆಳೆಸಿದರು. ತಮಾಷೆ ಅಂದರೆ ನಿಜವಾದ ದೊಡ್ಡ ಮನೆತನಗಳಲ್ಲಿ ಮೇಜು ಚಿಕ್ಕದು. ಕೊರಿಯಾದ ಸಾವಿರ ವೋನ್ ನೋಟಿನ ಮೇಲಿರುವ ಪಂಡಿತ ಯಿ ಹ್ವಾಂಗ್‌ನ ವಂಶದವರು ಆಂದೊಂಗ್‌ನಲ್ಲಿದ್ದಾರೆ. ಹೊಸ ವರ್ಷದ ಚಾರ್ಯೆಗೆ ಅವರು ಇಡುವುದು ನಾಲ್ಕೈದು ಬಗೆ ಅಷ್ಟೇ. ಆ ಕಡೆಯ ಕೆಲ ಹಳೇ ಮನೆಗಳಲ್ಲಿ ಚುಸೋಕ್ ದಿನ ಚಾರ್ಯೆಯೇ ಇಲ್ಲ. ಆ ಹೊತ್ತಿಗೆ ಹೊಸ ಅಕ್ಕಿ ಕೈಗೆ ಬಂದಿರುವುದಿಲ್ಲ, ಒಂಬತ್ತನೇ ತಿಂಗಳ ಒಂಬತ್ತಕ್ಕೆ ಮಾಡೋಣ ಅನ್ನುತ್ತಾರೆ. ರೈತನ ಲೆಕ್ಕ.

2022ರಲ್ಲಿ ಸುಂಗ್‌ಕ್ಯುನ್‌ಕ್ವಾನ್‌ನವರೂ ಹಳೇ ಗ್ರಂಥ ತೆಗೆದೇ ಮಾತಾಡಿದರು. ಜಿಡ್ಡಿನ ತಿಂಡಿ ಎಡೆಗೆ ಸಲ್ಲದು ಅಂತ ಜೋಸೊನ್ ಪಂಡಿತ ಕಿಮ್ ಜಾಂಗ್‌ಸೆಂಗ್ ಬರೆದಿಟ್ಟಿದ್ದಾನೆ. ಕೆಂಪು ಹಣ್ಣು ಪೂರ್ವಕ್ಕೆ, ಬಿಳಿ ಹಣ್ಣು ಪಶ್ಚಿಮಕ್ಕೆ ಇಡಬೇಕು ಅಂತ ಸೊಸೆಯಂದಿರಿಗೆ ಬೈದು ಕಲಿಸುತ್ತಿದ್ದರಲ್ಲ, ಆ ನಿಯಮ ಯಾವ ಗ್ರಂಥದಲ್ಲೂ ಇಲ್ಲವಂತೆ. ಹಾಗಾದರೆ ಇಷ್ಟು ವರ್ಷ ಬೈಸಿಕೊಂಡದ್ದು? "ಇಷ್ಟು ತಡವಾಗಿ ಯಾಕೆ ಹೇಳಿದಿರಿ" ಅಂತ ಜನ ಕೇಳಿದರು. ನ್ಯಾಯವಾದ ಪ್ರಶ್ನೆ. ಸರ್ಕಾರ 1969ರಲ್ಲೇ ಮನೆಯ ವಿಧಿಗಳು ಸರಳವಾಗಿರಲಿ ಅಂತ ನಿಯಮ ಮಾಡಿತ್ತು. ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಸರ್ಕಾರ ಹೇಳಿದರೆ ಕೇಳದವರು ಸಂಪ್ರದಾಯದವರೇ ಹೇಳಿದರೆ ಸ್ವಲ್ಪ ಕೇಳುತ್ತಾರೆ. ಅದಕ್ಕೇ ಈ ಪತ್ರಿಕಾಗೋಷ್ಠಿಗೆ ನನ್ನ ಲೆಕ್ಕದಲ್ಲಿ ಬೆಲೆ ಜಾಸ್ತಿ.

ಹಬ್ಬಕ್ಕೆ ಮುಂಚೆ ಹಿರಿಯರ ಸಮಾಧಿಯ ಹುಲ್ಲು ಕೊಯ್ಯುವ ಪದ್ಧತಿ ಒಂದಿದೆ, ಬೊಲ್ಚೊ. ಗುಡ್ಡ ಹತ್ತಿ, ಕಣಜದ ಹುಳ ಕಚ್ಚಿಸಿಕೊಂಡು ಮಾಡುವ ಕಷ್ಟದ ಕೆಲಸ. ಮುಖ್ಯವಾಗಿ ಗಂಡಸರದು. ಈಗ ದುಡ್ಡು ಕೊಟ್ಟರೆ ಯಾರೋ ಕೊಯ್ದು ಫೋಟೊ ಕಳಿಸುತ್ತಾರೆ. ಅದರಿಂದ ಸಂಪ್ರದಾಯ ಹಾಳಾಯಿತು ಅಂತ ನನಗೆ ಗೊತ್ತಿದ್ದ ಮನೆಗಳಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಜೋನ್ ಕೂಡ ಅಂಗಡಿಯಲ್ಲಿ ಬಿಸಿಬಿಸಿ ಸಿಗುತ್ತದೆ. ಅದನ್ನು ತಂದರೆ ಮಾತ್ರ ಮನೆಯಲ್ಲಿ ಮಾತು ಬೆಳೆಯುತ್ತದೆ. ಯಾಕೆ?

ಅಡುಗೆ ಹೋದರೆ ಹಬ್ಬವೇ ಹೋಗುತ್ತದೆ ಅನ್ನುವವರಿದ್ದಾರೆ. ಪೂರ್ತಿ ತಳ್ಳಿಹಾಕಲಾರೆ. ಸೋಂಗ್‌ಪ್ಯೊನ್ ಮಡಚಲು ಮಾವ, ಮೊಮ್ಮಕ್ಕಳು ಎಲ್ಲಾ ಸುತ್ತ ಕೂತ ಮನೆಗಳನ್ನೂ ನೋಡಿದ್ದೇನೆ. ಸೊಟ್ಟಪಟ್ಟ ಕಡುಬು, ಜಾಸ್ತಿ ನಗು. ಅಡುಗೆ ಮೇಲೆ ನನಗೇನೂ ದ್ವೇಷ ಇಲ್ಲ. ಸುಂಗ್‌ಕ್ಯುನ್‌ಕ್ವಾನ್‌ನವರ ಮಾತಲ್ಲಿ ನನಗೆ ಸಾಲದೆ ಬಂದದ್ದು ಒಂದೇ. ಎಷ್ಟು ಬಗೆ ಅಂತ ಹೇಳಿದ್ದು ಎದ್ದು ಕಂಡಿತು, ಯಾರು ಮಾಡಬೇಕು ಅನ್ನುವುದು ಹಿಂದೆ ಉಳಿಯಿತು. ಒಂಬತ್ತನ್ನೂ ಒಬ್ಬಳೇ ಮಾಡಿದರೆ ಆರಾಮ ಎಲ್ಲಿಂದ ಬರಬೇಕು?

ಕಾನೂನು ಇದಕ್ಕಿಂತ ಮೊದಲೇ ಬಂದಿತ್ತು. ಮದುವೆಯಾದ ಹೆಣ್ಣುಮಕ್ಕಳೂ ತವರಿನ ವಂಶ ಸಂಘದ (ಹಿರಿಯರ ಸಮಾಧಿ, ಪೂಜೆ ನೋಡಿಕೊಳ್ಳುವ ಕೂಟ) ಸದಸ್ಯರೇ ಅಂತ 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮನೆಗೆ ಗಂಡಸೇ ಯಜಮಾನ ಅಂತ ದಾಖಲೆಯಲ್ಲಿ ಬರೆಯುವ ಪದ್ಧತಿ 2008ರಲ್ಲಿ ಹೋಯಿತು. ತವರಿನ ಹಿರಿಯರು ಅವಳಿಗೂ ಹಿರಿಯರು ಅಂತ ಕೋರ್ಟೇ ಹೇಳಿದೆ. ಆದರೂ ಹಬ್ಬದ ಬೆಳಿಗ್ಗೆ ಕಾರು ಮೊದಲು ಹೋಗುವುದು ಹೆಚ್ಚಾಗಿ ಗಂಡನ ಊರಿಗೇ.

ಈ ಸಲ ಮಹಾಲಯದ ಪಟ್ಟಿ ಬರೆಯುವಾಗ ನಾನೂ ನಮ್ಮ ಪುರೋಹಿತರನ್ನು ಕೇಳಬೇಕು ಅಂದುಕೊಂಡಿದ್ದೇನೆ. ಪಾಯಸ, ವಡೆ, ಎರಡು ಪಲ್ಯ, ಮೂರು ಕೋಸಂಬರಿ, ಇದರಲ್ಲಿ ಶಾಸ್ತ್ರದಲ್ಲಿ ಇರುವುದೆಷ್ಟು, ನಮ್ಮತ್ತೆಯ ಅತ್ತೆ ಸೇರಿಸಿದ್ದೆಷ್ಟು ಅಂತ. ಅತ್ತೆಗೆ ಹೇಳಿದೆ. "ಕೇಳು, ನಾನೂ ಬರ್ತೀನಿ" ಅಂದರು.