ಅಮಾಸಿ ಎಲ್ಲಿಟ್ಟಾರ?

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಅವ್ವ ಎಂದಿನಂತೆ ಅಡುಗೆಮನೆಯಿಂದಲೇ ಕೂಗಿದಳು: “ಅಮಾಸಿ ಇವತ್ತ ಹತ್ತತೈತೋ ನಾಳೆ ಹತ್ತತೈತೋ, ಒಂಚೂರು ನೋಡೋ ತಮ್ಮಾ. ಎತ್ತು ತರಬೇಕು.”

ಇದಕ್ಕೆ ಉತ್ತರ ಹೇಳಲು ನನಗೆ ಮೂರು ಸೆಕೆಂಡು ಸಾಕು. ಎಂಟು ವರ್ಷದಿಂದ ಒಂದೇ ಪಂಚಾಂಗದ ತಾಣ ನೋಡುತ್ತ ಬಂದವನು ನಾನು. ತೆರೆದರೆ ಮೇಲೊಂದು ಕೆಂಪು ಪಟ್ಟಿ, ಎಡಕ್ಕೆ ತಿಥಿ, ಬಲಕ್ಕೆ ರಾಹುಕಾಲ, ನಡುವೆ ಟ್ರ್ಯಾಕ್ಟರ್ ಟಾಯರಿನ ಜಾಹೀರಾತು. ಅದು ಚಂದ ಇದೆ ಅಂತ ನಾನು ಒಂದು ದಿನವೂ ಅಂದುಕೊಂಡವನಲ್ಲ. ನಮ್ಮ ಓಣಿಯ ಹಿಟ್ಟಿನ ಗಿರಣಿಯ ಬಾಗಿಲನ್ನು ಯಾರು ಚಂದ ಅಂತಾರೆ? ಕತ್ತಲಲ್ಲಿಯೂ ಅದರ ಚಿಲಕ ಕೈಗೆ ಸಿಗುತ್ತದೆ, ಅಷ್ಟೇ.

ಅವತ್ತು ತೆರೆದರೆ ಎಲ್ಲ ಬೆಳ್ಳಗೆ. ಸುಣ್ಣ ಹಚ್ಚಿ, ಸಾಮಾನು ಇನ್ನೂ ಒಳಗೆ ತಂದಿಡದ ಮನೆಯ ಹಾಗೆ. ನಡುವೆ ಸಣ್ಣಗೆ ಬರೆದಿತ್ತು: “ನಾವು ಹೊಸದಾಗಿದ್ದೇವೆ! ಇದು ಪ್ರಾಯೋಗಿಕ ಆವೃತ್ತಿ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.” ಕೆಳಗೆ ಅಳುವುದರಿಂದ ಹಿಡಿದು ನಗುವವರೆಗೆ ಐದು ಹಳದಿ ಮುಖಗಳು. ಅಮಾವಾಸ್ಯೆ ಎಲ್ಲೂ ಇಲ್ಲ.

“ಸಿಕ್ಕಿತೇನೋ?”

“ಹುಡುಕಾಕತ್ತೇನಿ.”

“ಏನು ಕಳದೈತಿ?”

“ಅಮಾಸಿ.”

“ಅಮಾಸಿ ಹೆಂಗ ಕಳೀತೈತೋ?” ಎನ್ನುತ್ತ ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು. “ಮ್ಯಾಲೆ ಮೂಲ್ಯಾಗ ವಿಭೂತಿ ಐತಲ್ಲ, ಅದನ್ನ ಒತ್ತಿ ನೋಡು.”

ನೋಡಿದರೆ ಹೌದು, ವಿಭೂತಿಯೇ. ಅಡ್ಡ ಮೂರು ಗೆರೆ. ಅದನ್ನು 1981ರಲ್ಲಿ ಝೆರಾಕ್ಸ್ ಕಂಪನಿಯ ‘ಸ್ಟಾರ್’ ಎಂಬ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಎಂಬವರು ಬರೆದದ್ದು. ಅಮೆರಿಕದವರು ಅದಕ್ಕೆ ಹ್ಯಾಂಬರ್ಗರ್ ಅಂತ ಹೆಸರಿಟ್ಟರು. ಹಣೆ ನೋಡುತ್ತ ಬೆಳೆದವರಿಗೆ ವಿಭೂತಿ ಕಂಡಿತು, ತಾಟು ನೋಡುತ್ತ ಬೆಳೆದವರಿಗೆ ಬನ್ನು ಕಂಡಿತು.

ನಾನು ಒತ್ತಲಿಲ್ಲ. ಯಾಕೆ ಒತ್ತಬೇಕು? ಎಂಟು ವರ್ಷ ಜಗಲಿಯ ಮೇಲೆ ಕೂತಿದ್ದ ಅಮಾವಾಸ್ಯೆಯನ್ನು ಒಳಗೆ ಕೂಡಿಸಿ ಬಾಗಿಲು ಹಾಕಿಕೊಂಡವರು ಅವರು. ನಾನು ಹೋಗಿ ಬಾಗಿಲು ಬಡಿಯಬೇಕೇನು? ಬದಲಿಗೆ ಬೆಂಗಳೂರಿಗೆ ಫೋನು ಹಚ್ಚಿದೆ. ನಮ್ಮ ಅಣ್ಣನ ಮಗ ಅಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದಾನೆ. ಮಂದಿಯ ಹಳೆಯದನ್ನು ಕಸಿದುಕೊಂಡು ಹೊಸದನ್ನು ಕೈಗೆ ಕೊಡುವ ಪೈಕಿಯವನೇ.

“ಕಾಕಾ, ಇದು ಎಲ್ಲಾ ಕಡೆ ಹಿಂಗ ನೋಡು,” ಅಂದ ಅವನು, ಹಲ್ಲುಜ್ಜುತ್ತ. “ಮೊದಲ ಎರಡು ವಾರ ಬೈತಾರ. ಮೂರನೇ ವಾರ ಹಳೇದು ಹೆಂಗಿತ್ತಂತ ಕೇಳಿದ್ರ ಯಾರಿಗೂ ನೆನಪಿರೂದಿಲ್ಲ. 2006ರ ಸೆಪ್ಟೆಂಬರ್‌ನ್ಯಾಗ ಫೇಸ್‌ಬುಕ್‌ನವರು ಗೆಳೆಯರು ಏನೇನು ಮಾಡಿದ್ರು ಅಂತ ಎಲ್ಲಾರಿಗೂ ತೋರಿಸೂ ನ್ಯೂಸ್ ಫೀಡ್ ತಂದಾಗ ಲಕ್ಷಗಟ್ಟಲೆ ಮಂದಿ ಗುಂಪು ಕಟ್ಟಿ ಬ್ಯಾಡ ಬ್ಯಾಡ ಅಂತ ಕುಣಿದ್ರು. ಆ ಗುಂಪಿನ ಸುದ್ದಿ ಅವರಿಗೆಲ್ಲಾ ಮುಟ್ಟಿಸಿದ್ದು ಯಾವುದು ಹೇಳು? ಅದೇ ಫೀಡು!”

ನಕ್ಕ. ನಾನು ನಗಲಿಲ್ಲ. ನನಗೂ ಅಷ್ಟಿಷ್ಟು ಗೊತ್ತು. “ಹಂಗಾರ ಮಂದಿ ಸುದ್ದಿ ಹಂಚಿಕೊಳ್ಳೂ ಡಿಗ್ ಅಂತ ಒಂದು ತಾಣ ಇತ್ತಲ್ಲ, ಅದರದು ಏನಾತು? 2010ರಾಗ ಹೊಸಾದು ಮಾಡಾಕ ಹೋಗಿ ಮಂದಿಯೆಲ್ಲಾ ಅಂಥಾದ್ದ ಇನ್ನೊಂದು ತಾಣ ರೆಡಿಟ್ಟಿಗೆ ಗುಳೇ ಹೋದರಲ್ಲಪಾ?”

ಬಾಯಿ ಮುಕ್ಕಳಿಸುವ ಸಪ್ಪಳ. “ಅದು ಬ್ಯಾರೆ ಕಾಕಾ.”

“ಹೆಂಗ ಬ್ಯಾರೆ?”

“ಅವರು ಖರೇನ ಬಿಟ್ಟು ಹ್ವಾದ್ರು.”

ಅಂದರೆ ಬೈಯುವವರ ಬಗ್ಗೆ ಇವರಿಗೆ ಚಿಂತೆಯಿಲ್ಲ, ಬೈದವರು ಉಳಿಯುತ್ತಾರೆ. ನಾನು ಬೈಯುತ್ತಿದ್ದೆ. ನನ್ನನ್ನು ಆಗಲೇ ಲೆಕ್ಕಕ್ಕೆ ಹಿಡಿದು ಬದಿಗಿಟ್ಟಿದ್ದ ನಮ್ಮ ಹುಡುಗ. ಮುಂದೆ ಪರೀಕ್ಷೆಯ ರೀತಿ ಹೇಳಿದ: ಅರ್ಧ ಮಂದಿಗೆ ಹಳೆಯದು ತೋರಿಸುತ್ತಾರಂತೆ, ಅರ್ಧ ಮಂದಿಗೆ ಹೊಸದು. ಯಾರು ಎಲ್ಲಿ ಒತ್ತಿದರು, ಎಷ್ಟೊತ್ತು ನಿಂತರು ಎಂದು ಎಣಿಸುತ್ತಾರಂತೆ. ಗೂಗಲ್‌ನಲ್ಲಿ ಎರಡು ನೀಲಿಗಳ ನಡುವೆ ಯಾವುದೆಂದು ಬಗೆಹರಿಯದೆ 41 ನೀಲಿಗಳನ್ನು ಪರೀಕ್ಷೆಗೆ ಹಚ್ಚಿದ್ದರು. ಅದನ್ನೇ ಬರೆದು ಅಲ್ಲಿನ ಒಬ್ಬ ವಿನ್ಯಾಸಕ 2009ರಲ್ಲಿ ಕೆಲಸ ಬಿಟ್ಟರು. ನಮ್ಮವ್ವನನ್ನು ಇಳಕಲ್ ಸೀರೆಯ ಅಂಗಡಿಗೆ ಕರೆದುಕೊಂಡು ಹೋಗಿದ್ದರೆ ಅವರಿಗೆ ಅಷ್ಟು ಖರ್ಚು ಬರುತ್ತಿರಲಿಲ್ಲ. ನಲವತ್ತು ನೀಲಿಗಳನ್ನು ಹತ್ತು ನಿಮಿಷದಲ್ಲಿ ಬದಿಗೆ ಸರಿಸುತ್ತಾಳೆ. ಉಳಿದ ಒಂದನ್ನೂ ಬೇಡ ಅಂತಾಳೆ.

ಅರ್ಧ ಹಳೆಯದು, ಅರ್ಧ ಹೊಸದು ಅಂದ ಕೂಡಲೇ ನನಗೆ ಧಾರವಾಡದ ಒಂದು ಖಾನಾವಳಿ ನೆನಪಾಯಿತು. ಹೆಸರು ಹೇಳುವುದಿಲ್ಲ, ಇನ್ನೂ ಅಲ್ಲಿ ಉಣ್ಣಬೇಕಾಗಿದೆ. ಹುಬ್ಬಳ್ಳಿಯಿಂದ ದಿನಾ ಧಾರವಾಡಕ್ಕೆ ನೌಕರಿಗೆ ಹೋಗುತ್ತಿದ್ದ ವರ್ಷಗಳಲ್ಲಿ ನನ್ನ ಮಧ್ಯಾಹ್ನದ ಊಟ ಅಲ್ಲಿಯೇ. ಕಟ್ಟಿಗೆಯ ಉದ್ದ ಬೆಂಚು, ಎದುರಿಗೆ ಅಷ್ಟೇ ಉದ್ದದ ಮೇಜು, ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ. ಆ ಸಪ್ಪಳ ನಿಂತರೆ ಉಣ್ಣುವವರೆಲ್ಲ ಒಮ್ಮೆಲೇ ತಲೆ ಎತ್ತುತ್ತಿದ್ದರು, ಕರೆಂಟು ಹೋದವರ ಹಾಗೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳುಪಲ್ಯ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಮೊಸರು, ಹಸಿ ಮೆಂತೆಸೊಪ್ಪು, ಹೆಚ್ಚಿದ ಉಳ್ಳಾಗಡ್ಡಿ. ಇದರಲ್ಲಿ ಸುಧಾರಿಸುವಂಥದ್ದು ಏನಿದೆ ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ. ಮಾಲಕರ ಮಗನಿಗೆ ಹೊಳೆಯಿತು. ಅವನು ಪುಣೆಯಲ್ಲಿ ಓದಿ ಬಂದಿದ್ದ.

ಹುಡುಗ ಜಾಣ. ಒಮ್ಮೆಲೇ ಎಲ್ಲವನ್ನೂ ಕೆಡವಲಿಲ್ಲ. ಬಲಗಡೆ ಅರ್ಧಕ್ಕೆ ಗ್ರಾನೈಟಿನ ಮೇಜು, ಪ್ಲಾಸ್ಟಿಕ್ ಕುರ್ಚಿ, ಖಾನೆ ಇರುವ ಸ್ಟೀಲಿನ ತಾಟು ತಂದ. ಎಡಗಡೆ ಅರ್ಧ ಮೊದಲಿನಂತೆಯೇ. “ಒಂದು ತಿಂಗಳು ನೋಡೂಣು,” ಅಂದ. ಗಲ್ಲಾದ ಪಕ್ಕಕ್ಕೆ ದಾರ ಕಟ್ಟಿ ಒಂದು ನೂರು ಪುಟದ ವಹಿ ತೂಗುಹಾಕಿದ, ಮೇಲೆ ‘ಗ್ರಾಹಕರ ಅಭಿಪ್ರಾಯ’ ಅಂತ ಬರೆದು.

ಅಡುಗೆ ಒಂದೇ. ಒಂದೇ ಒಲೆ, ಅದೇ ನಾಲ್ಕು ಜನ ಹೆಣ್ಣುಮಕ್ಕಳು, ಅದೇ ಕೈ. ಆದರೂ ಎರಡನೇ ದಿನಕ್ಕೇ ಬಲಗಡೆ ಕೂತವರು ಗೊಣಗಲು ಶುರು ಮಾಡಿದರು. ಹಿಂಡಿ ಸಪ್ಪಗಾಗಿದೆ. ರೊಟ್ಟಿ ದಪ್ಪ ಬಡಿಯುತ್ತಿದ್ದಾರೆ. ಬದನೆಕಾಯಿ ಬೇರೆ ಊರಿನದು. ಒಬ್ಬರಂತೂ ನೀರಿನ ರುಚಿ ಬದಲಾಗಿದೆ ಅಂದರು. ಮಾಲಕರು ಪಾಪ, ಎಡಗಡೆಯ ಬಟ್ಟಲಿನ ಹಿಂಡಿಯನ್ನು ಎಲ್ಲರ ಕಣ್ಣೆದುರಿಗೇ ಬಲಗಡೆ ತಂದು ಬಡಿಸಿ ತೋರಿಸಿದರು. ತಿಂದವರು ತಲೆ ಅಲ್ಲಾಡಿಸಿದರು: “ಆ ಕಡೆ ಇದ್ದಾಗ ಛಲೋ ಇತ್ತು ನೋಡ್ರಿ.” ಗೊಣಗಿದವರಲ್ಲಿ ನಾನೂ ಒಬ್ಬ. ಹಿಂಡಿ ಸಪ್ಪಗಿತ್ತು. ಈಗಲೂ ಹಾಗೇ ಹೇಳುತ್ತೇನೆ.

ವಹಿಯಲ್ಲಿ ಏನೇನು ಬಂತೆಂದರೆ: “ಮೊದಲಿನಂಗ ಮಾಡ್ರಿ.” “ಫ್ಯಾನ್ ಸುದ್ದ ಮಾಡಸ್ರಿ.” “ಉಪ್ಪಿನಕಾಯಿ.” ಬರೀ ಉಪ್ಪಿನಕಾಯಿ, ಬೇಕೋ ಬೇಡವೋ ಬರೆದಿರಲಿಲ್ಲ. ಒಬ್ಬರು ನವಲೂರಿನ ಕಡೆ ಒಂದು ಪ್ಲಾಟು ಮಾರುವುದಿದೆ ಅಂತ ಫೋನ್ ನಂಬರ್ ಕೊಟ್ಟಿದ್ದರು. ಯಾರೋ ವಿದ್ಯಾರ್ಥಿ ಒಂದು ಹುಡುಗಿಯ ಹೆಸರು ಬರೆದು ಸುತ್ತ ಬಳ್ಳಿ ಬಿಡಿಸಿದ್ದ. ಮಾಲಕರ ಮಗ ದಿನಾ ರಾತ್ರಿ ಅದನ್ನು ಓದಿ, ಒಂದು ಹಾಳೆಯ ಮೇಲೆ ಗೀಟು ಹಾಕಿ ಲೆಕ್ಕ ಇಡುತ್ತಿದ್ದ. ಪ್ಲಾಟನ್ನು ಯಾವ ಲೆಕ್ಕಕ್ಕೆ ಹಾಕಿದನೋ!

ಖರೇ ಸಂಗತಿಯನ್ನು ಆ ವಹಿಯಲ್ಲಿ ಯಾರೂ ಬರೆಯಲಿಲ್ಲ. ಆ ಖಾನೆಯ ತಾಟು ಅನ್ನ ಉಣ್ಣುವವರ ಸಲುವಾಗಿ ಮಾಡಿದ್ದು. ಅದರಲ್ಲಿ ಪಲ್ಯಕ್ಕೊಂದು ಜಾಗ, ಸಾರಿಗೊಂದು ಜಾಗ, ಮೊಸರಿಗೊಂದು ಜಾಗ ಇತ್ತು, ರೊಟ್ಟಿಗೆ ಜಾಗ ಇರಲಿಲ್ಲ. ನಮ್ಮ ರೊಟ್ಟಿ ಏನು ಬಿಸ್ಕೀಟೇ? ಅಗಲವಾದ ಆ ರೊಟ್ಟಿಯನ್ನು ಎಲ್ಲದರ ಮೇಲೆ ಮುಚ್ಚಳದ ಹಾಗೆ ಇಡಬೇಕು, ಅದರ ಕೆಳಗೆ ಕೈ ತೂರಿಸಿ ಎಣ್ಣೆಗಾಯಿಯನ್ನು ತಡಕಾಡಬೇಕು. ಹೊಟ್ಟೆ ಹಸಿದವನು ಕತ್ತಲಲ್ಲಿ ಬದನೆಕಾಯಿ ಹುಡುಕುತ್ತಿರುವಾಗ ಅವನಿಗೆ ಹಿಂಡಿ ಸಪ್ಪಗನ್ನಿಸದೆ ಇನ್ನೇನಾಗುತ್ತದೆ? ಇದು ನನಗೆ ಹೊಳೆದದ್ದು ಆರು ವರ್ಷ ಕಳೆದ ಮೇಲೆ, ಮನೆಯಲ್ಲಿ ಸ್ನಾನ ಮಾಡುವಾಗ. ಆಗ ವಹಿ ಇರಲಿಲ್ಲ.

ಅಲ್ಲಿಗೆ ಒಬ್ಬರು ನಿವೃತ್ತ ಮಾಸ್ತರರು ಬರುತ್ತಿದ್ದರು. ಬಲಗಡೆಯ ಕಿಟಕಿಯ ಮೂಲೆ ಅವರದು. ಬಂದವರೇ ಬಗ್ಗಿ ನೋಡದೆ ಮೇಜಿನ ಅಂಚಿನ ಕೆಳಗೆ ಕೈ ಹಾಕಿ ತಮ್ಮ ಖಾದಿ ಚೀಲವನ್ನು ತೂಗುಬಿಡುತ್ತಿದ್ದರು. ಅಲ್ಲೊಂದು ಮಳಿ, ಅಂದರೆ ಮೊಳೆ, ಇತ್ತು. ಯಾರು ಹೊಡೆದದ್ದೋ, ಯಾಕೆ ಹೊಡೆದದ್ದೋ, ಮಾಲಕರಿಗೇ ಗೊತ್ತಿರಲಿಲ್ಲ. ಗ್ರಾನೈಟು ಬಂದ ದಿನ ಮಾಸ್ತರರು ಎಂದಿನಂತೆ ಬಂದು, ಎಂದಿನಂತೆ ಕೈ ಹಾಕಿ, ಚೀಲ ಬಿಟ್ಟರು. ಚೀಲ ಕೆಳಗೆ ಬಿತ್ತು. ಎತ್ತಿ ಮತ್ತೆ ಬಿಟ್ಟರು. ಮತ್ತೆ ಬಿತ್ತು. ಆಮೇಲೆ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಉಂಡು ಎದ್ದರು. ವಹಿಯ ಕಡೆ ಕಣ್ಣೆತ್ತಿ ನೋಡಲಿಲ್ಲ. ನಾಲ್ಕು ದಿನ ಬರಲಿಲ್ಲ. ಐದನೇ ದಿನ ಸುಭಾಸ ರಸ್ತೆಯಲ್ಲಿ ಮಾಲಕರಿಗೆ ಸಿಕ್ಕಾಗ, “ಯಾಕ್ರಿ ಸರ, ಊಟ ಸೇರಲಿಲ್ಲೇನ್ರಿ?” ಅಂತ ಇವರು ಕೇಳಿದರೆ, “ಊಟ ಛಲೋ ಐತಿ. ಮಳಿ ಇಲ್ಲ,” ಅಂದರಂತೆ.

ಗ್ರಾನೈಟಿಗೆ ಮಳಿ ಹೊಡೆಯಲು ಬರುವುದಿಲ್ಲ. ಮಾಲಕರು ಕಿಟಕಿಯ ಪಕ್ಕ ಗೋಡೆಗೆ ಒಂದಲ್ಲ, ಮೂರು ಮಳಿ ಹೊಡೆಸಿದರು. ಮಾಸ್ತರರು ಮತ್ತೆ ಬರತೊಡಗಿದರು. ಮೊದಲನೆಯ ಮಳಿಗೆ ಛತ್ರಿ ಹಾಕುತ್ತಿದ್ದರು, ಎರಡನೆಯದಕ್ಕೆ ಟೊಪ್ಪಿಗೆ. ಚೀಲ ಮಾತ್ರ ಕೊನೆಯವರೆಗೂ ತೊಡೆಯ ಮೇಲೆಯೇ.

ತಿಂಗಳು ಮುಗಿದ ಮೇಲೆ ಮಗ ಲೆಕ್ಕ ತೆಗೆದು ಬಲಗಡೆ ವ್ಯಾಪಾರ ಹೆಚ್ಚು ಅಂತ ತೋರಿಸಿದನಂತೆ. ಇರಲೇಬೇಕು. ಎಡಗಡೆ ಜಾಗ ಸಿಗದವರೆಲ್ಲ ಇನ್ನೆಲ್ಲಿ ಕೂರಬೇಕು? ಎರಡೂ ಕಡೆ ಗ್ರಾನೈಟು ಬಂತು.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಹುಡುಗ ಆಫೀಸಿಗೆ ಹೊರಟಿದ್ದ. “ಕಾಕಾ, ಅದನ್ನ ಅಭಿಪ್ರಾಯದಾಗ ಬರಿ,” ಅಂದು ಫೋನಿಟ್ಟ.

ಬರೆಯಲು ಕೂತೆ. ಪೆಟ್ಟಿಗೆಯ ಕೆಳಗೆ ‘200 ಅಕ್ಷರ ಮಾತ್ರ’ ಅಂತಿತ್ತು. ಸಾಕು ಅಂದುಕೊಂಡು ‘ಅಮಾವಾಸ್ಯೆ’ ಅಂತ ಬರೆದರೆ ಒಂಬತ್ತು ಅಕ್ಷರ ಕಡಿಮೆಯಾದವು. ನಾನು ಕಲಿತ ಸಾಲಿಯಲ್ಲಿ ಅದು ನಾಲ್ಕೇ ಅಕ್ಷರ. ಈ ಯಂತ್ರಕ್ಕೆ ದೀರ್ಘ ಬೇರೆ, ಒತ್ತು ಬೇರೆ, ಒತ್ತಿಗೆ ಮೊದಲಿನ ಕಾಣದ ಅರ್ಧ ಬೇರೆ. ಇಂಗ್ಲಿಷಿನವನು ಇನ್ನೂರು ಬರೆಯುತ್ತಾನೆ. ನಾನು ನೂರು ಬರೆಯುವಷ್ಟರಲ್ಲಿ ಬಾಯಿ ಮುಚ್ಚು ಅನ್ನುತ್ತದೆ. ಮೂರಕ್ಷರದ ಹುಬ್ಬಳ್ಳಿಗೆ ಒಂಬತ್ತು ಹಿಡಿಯುತ್ತದೆ, ನಾಲ್ಕಕ್ಷರದ ಧಾರವಾಡಕ್ಕೆ ಆರೇ. ಧಾರವಾಡದವರು ಇದನ್ನು ಓದಿ ಬೀಗುವುದು ಬೇಡ.

ನನ್ನ ಗೊಣಗಾಟ ಕೇಳಿ ಅವ್ವ ಒಳಗಿಂದ ಅಂದಳು: “ಅದಕ್ಯಾಕ ಅಷ್ಟು ಬ್ಯಾಸರ ಮಾಡ್ಕೋತಿ? ನಾವು ರೊಕ್ಕ ಬದಲಾದದ್ದು ನೋಡೇವಿ.”

ಅವಳು ಹತ್ತು ವರ್ಷದವಳಿದ್ದಾಗ, 1957ರ ಏಪ್ರಿಲ್ 1ಕ್ಕೆ, ಹದಿನಾರಾಣೆಯ ರೂಪಾಯಿ ನೂರು ನಯಾ ಪೈಸೆ ಆಯಿತು. ಹಳೆಯ ನಾಣ್ಯ, ಹೊಸ ನಾಣ್ಯ ಎರಡೂ ಒಂದೇ ಗಲ್ಲಾದಲ್ಲಿ. ನಾಲ್ಕಾಣೆಗೆ ಇಪ್ಪತ್ತೈದು ಸರಿಹೋಗುತ್ತದೆ, ಒಂದಾಣೆಗೆ ಆರೂಕಾಲು ಬರುತ್ತದೆ. ಕಾಲು ಪೈಸೆ ಇಲ್ಲ. “ಆ ಕಾಲು ಎಲ್ಲಿ ಹೋತು ಅಂತ ನಮ್ಮಪ್ಪ ಸಾಯೂತನಕ ಕೇಳ್ತಿದ್ದ,” ಅನ್ನುತ್ತಾಳೆ ಅವ್ವ. 1964ರ ಜೂನ್‌ನಲ್ಲಿ ‘ನಯಾ’ ತೆಗೆದು ಬರೀ ಪೈಸೆ ಅಂದರು. ಏಳು ವರ್ಷದ ಪ್ರಾಯೋಗಿಕ ಆವೃತ್ತಿ! ಜಿಮೇಲ್‌ನವರು 2004ರಿಂದ 2009ರವರೆಗೆ, ಐದು ವರ್ಷ ‘ಬೀಟಾ’ ಅಂತ ಬರೆದುಕೊಂಡು ಕೂತದ್ದನ್ನು ದೊಡ್ಡ ಸುದ್ದಿ ಮಾಡುತ್ತಾರೆ. 2011ರಲ್ಲಿ ಇಪ್ಪತ್ತೈದು ಪೈಸೆಯ ನಾಣ್ಯವನ್ನೇ ಸರ್ಕಾರ ನಿಲ್ಲಿಸಿತು. ಅವ್ವ ಮಾತ್ರ ಇನ್ನೂ ಮೊಮ್ಮಕ್ಕಳಿಗೆ “ನಾಲ್ಕಾಣೆದಷ್ಟೂ ಬುದ್ಧಿ ಇಲ್ಲ” ಅಂತಲೇ ಬೈಯುತ್ತಾಳೆ. ಹೊಸದಕ್ಕೆ ಹೊಂದಿಕೊಂಡವಳ ಮಾತು ಇದು.

ನಾನು ಮತ್ತೆ ಪೆಟ್ಟಿಗೆಗೆ ಬಂದೆ. ಖಾನಾವಳಿ, ಮಳಿ, ತಾಟು ಯಾವುದೂ ಹಿಡಿಯಲಿಲ್ಲ. ಮೊದಲು ಉದಾಹರಣೆ ತೆಗೆದೆ. ಆಮೇಲೆ ಎಂಟು ವರ್ಷದ ಋಣಾನುಬಂಧ ತೆಗೆದೆ. ಇನ್ನೂ ಐದು ಹೆಚ್ಚಾದವು. ‘ದಯವಿಟ್ಟು’ ತೆಗೆದೆ, ಎಂಟು ಅಕ್ಷರ ಉಳಿತಾಯವಾದವು. ಸಭ್ಯನಾಗಿ ಕೂತವನು ಇನ್ನೂರು ಅಕ್ಷರದ ಒರಟನಾಗಿ ಎದ್ದೆ. ಐದು ಮುಖಗಳಲ್ಲಿ ಅಳುವುದನ್ನು ಆರಿಸಿ ‘ಸಲ್ಲಿಸಿ’ ಒತ್ತಿದೆ.

“ನಿಮ್ಮ ಅಧಿವೇಶನದ ಅವಧಿ ಮುಗಿದಿದೆ” ಅಂತ ಬಂತು.

ನಮ್ಮ ಕಡೆ ಅಧಿವೇಶನ ಅಂದರೆ ಬೆಳಗಾವಿಯದು, ಚಳಿಗಾಲದ್ದು. ಜೂನ್ ತಿಂಗಳಲ್ಲಿ ನನ್ನ ಮನೆಯಲ್ಲಿ ಅದು ಯಾವಾಗ ಶುರುವಾಯಿತು, ಯಾರು ಮುಗಿಸಿದರು? ಬರೆದದ್ದೆಲ್ಲ ಹೋಗಿ ಪೆಟ್ಟಿಗೆ ಮತ್ತೆ ಖಾಲಿ. ಫೋನನ್ನು ಮಂಚದ ಮೇಲೆ ಒಗೆದು ಎದ್ದು ಹೋಗಿ ಮುಖ ತೊಳೆದುಕೊಂಡೆ.

ಬಂದು ನೋಡಿದರೆ ಗೋಡೆಯ ಮಾಡದ ಮೇಲೆ ಒಂದು ಜೋಡಿ ಮಣ್ಣೆತ್ತು, ಹಸಿ ಮಣ್ಣಿನ ವಾಸನೆ. ಒಂದರ ಕೋಡು ಸೊಟ್ಟ. “ಕುಂಬಾರಾಕಿ ಬಂದಿದ್ಲು. ಅಮಾಸಿ ನಾಳೆ ಅಂದ್ಲು, ತಗೊಂಡೆ,” ಅಂದಳು ಅವ್ವ. ಚಷ್ಮಾ ಏರಿಸಿಕೊಂಡು ಮಂಚದ ಮೇಲೆ ಕೂತು ನನ್ನ ಫೋನನ್ನು ದೂರ ಹಿಡಿದಿದ್ದಳು. “ಆದ್ರೂ ವಿಭೂತಿ ಒತ್ತಿ ನೋಡಿದೆ ನಾನು. ಎಲ್ಲಾ ಒಳಗ ಐತಿ, ಹತ್ತೂದು, ಬಿಡೂದು, ಚಂದ್ರನ ಚಿತ್ರ ಸೈತ. ಅಕ್ಷರ ದೊಡ್ಡವು ಮಾಡ್ಯಾರ ನೋಡು, ಛಲೋ ಆತು. ಇಲ್ಲಿ ಐದು ಮಾರಿ ಅದಾವಲ್ಲೋ ತಮ್ಮಾ, ಏನಿವು? ಇದೊಂದು ನಗಾಕತ್ತೈತಿ.”

“ಅವ್ವಾ, ಅದನ್ನ ಒತ್ತಬ್ಯಾಡ…”

ಒತ್ತಿದ್ದಳು. “ಧನ್ಯವಾದ. ನಿಮ್ಮ ಅಭಿಪ್ರಾಯ ನಮಗೆ ತಲುಪಿದೆ” ಅಂತ ಬಂತು, ನನ್ನ ಹೆಸರಿನಲ್ಲಿ.