ಜಿರಳೆಗೆ ಯಾವ ಬಣ್ಣ?

ಪುಷ್ಯ ಮಳೆ ಹಿಡಿಯಿತೆಂದರೆ ನಮ್ಮ ತೀರ್ಥಹಳ್ಳಿ ಕಡೆಯ ಮಕ್ಕಳು ಕಣ್ಣುಜ್ಜಿಕೊಳ್ಳುತ್ತಲೇ ಕೇಳುವುದು ಒಂದೇ ಪ್ರಶ್ನೆ: "ಡಿಸಿ ರಜೆ ಕೊಟ್ರಾ?" ಜಿಲ್ಲಾಧಿಕಾರಿಗಳಿಗೆ ಬೇರೆ ಕೆಲಸಗಳೂ ಇರುತ್ತವೆ ಎಂದು ಅವರಿಗೆ ಗೊತ್ತಾಗುವುದು ಹೈಸ್ಕೂಲಿಗೆ ಹೋದ ಮೇಲೆ. ಮೊನ್ನೆಯೂ ರಜೆ ಬಂತು. ರಜೆಯ ಬೆನ್ನಿಗೇ ಕರೆಂಟು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಮೊಬೈಲ್ ಟವರೂ ಮಲಗಿತು. ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವುದು ಹೇಗೆಂದು ಪೇಟೆಯವರು ಭಾಷಣ ಕೇಳಲು ಹೋಗುತ್ತಾರಂತೆ. ನಮ್ಮಲ್ಲಿ ಆ ಕೆಲಸವನ್ನು ಲೈನಿನ ಮೇಲೆ ಬಿದ್ದ ಅಕೇಶಿಯಾ ಮರವೇ ಪುಕ್ಕಟೆ ಮಾಡಿಕೊಡುತ್ತದೆ.

ತಮ್ಮನ ಮಕ್ಕಳಿಬ್ಬರೂ ಕ್ರೆಯಾನ್ ಡಬ್ಬಿ ಹಿಡಿದು ನಮ್ಮ ಜಗಲಿಗೆ ಬಂದರು. ಅನಘಳಿಗೆ ಎಂಟು ವರ್ಷ, ಚಿಂಟುವಿಗೆ ಐದು. ಬಣ್ಣ ತುಂಬುವ ಪುಸ್ತಕ ಆಗಲೇ ಮುಗಿದಿತ್ತು. ಮುಗಿದದ್ದೇ ಒಳ್ಳೆಯದಾಯಿತು ಅನ್ನಿ. ಅದರಲ್ಲಿದ್ದ ಗುಲಗಂಜಿ ಹುಳಕ್ಕೆ ಉದ್ದುದ್ದ ಕಣ್ರೆಪ್ಪೆ, ಬಾಯ್ತುಂಬ ನಗು, ನಾಲ್ಕೇ ಕಾಲು, ನಾಲ್ಕಕ್ಕೂ ಬೂಟು. ಕಾಗದಕ್ಕೇನೂ ಬರವಿರಲಿಲ್ಲ. ಆಷಾಢದಲ್ಲಿ ಮದುವೆಯಿಲ್ಲ, ಬೇಸಿಗೆಯ ಲಗ್ನಪತ್ರಿಕೆಗಳೆಲ್ಲ ಕಪಾಟಿನಲ್ಲಿ ಕಟ್ಟು ಕಟ್ಟಾಗಿ ಬಿದ್ದಿದ್ದವು. ಮುಂದಿನ ಗಣಪತಿಯನ್ನು ಕತ್ತರಿಸಿ ತೆಗೆದಿಟ್ಟರೆ (ಗಣಪತಿಯನ್ನು ಎಸೆಯುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ) ಹಿಂಬದಿ ಪೂರ್ತಿ ಖಾಲಿ.

"ದೊಡ್ಡಪ್ಪ, ಏನು ಬರೆಯೋದು?"

ಅಕ್ಕಿ ಡಬ್ಬದ ಹಿಂದೆ ಒಂದು ಜಿರಳೆ ಅಂಗಾತ ಸತ್ತು ಬಿದ್ದಿತ್ತು. ಹಿಡಿಕಡ್ಡಿಯಲ್ಲಿ ಅದನ್ನು ಬಾಳೆಲೆ ತುಂಡಿನ ಮೇಲೆ ಎತ್ತಿಕೊಂಡು ಬಂದೆ. ಇಬ್ಬರೂ "ಥೂ" ಎಂದು ಹಿಂದೆ ಸರಿದರು. ಎರಡು ನಿಮಿಷ ಬಿಟ್ಟು, ಮೂಗು ತಾಗುವಷ್ಟು ಹತ್ತಿರ ಬಂದರು.

ಅನಘ ಮೊದಲು ಬರೆದದ್ದು ಒಂದು ದೊಡ್ಡ ಹೊಟ್ಟೆ, ಅದರ ಎರಡೂ ಪಕ್ಕಕ್ಕೆ ಮೂರು ಮೂರು ಕಾಲು. ಜಿರಳೆ ಅಂಗಾತ ಬಿದ್ದಿದ್ದರಿಂದ ಸುಳ್ಳು ತಕ್ಷಣ ಸಿಕ್ಕಿಬಿತ್ತು. ಆರೂ ಕಾಲು ಹೊರಟಿರುವುದು ಎದೆಯಿಂದ. ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗಗಳಲ್ಲಿ ಹೊಟ್ಟೆಗೆ ಒಂದು ಕಾಲೂ ಇಲ್ಲ. ಐವತ್ತು ವರ್ಷ ಜಿರಳೆಗಳ ಜೊತೆ ಸಂಸಾರ ಮಾಡಿದ ನಾನು ಇದನ್ನು ಕಣ್ಣಾರೆ ನೋಡಿದ್ದು ಅವತ್ತೇ. ಅಲ್ಲಿಯವರೆಗೆ ನೋಡಿದ್ದೆಲ್ಲ ಪೊರಕೆ ಹಿಡಿದ ಕೈಯ ತುದಿಯಿಂದ.

ಆಮೇಲೆ ಬಣ್ಣ. ಎಲ್ಲ ಮಕ್ಕಳ ಡಬ್ಬಿಯಲ್ಲೂ ಕೆಂಪು, ಹಸಿರು ಉಗುರಿನಷ್ಟು ಉಳಿದಿರುತ್ತವೆ, ಕಂದು ಮತ್ತು ಬಿಳಿ ಮಾತ್ರ ಅಂಗಡಿಯಿಂದ ಬಂದ ಹಾಗೇ ಇರುತ್ತವೆ. ಕಂದಿಗೆ ಅವತ್ತು ಯೋಗ ಕೂಡಿಬಂತು. ಆದರೆ ಬರೀ ಕಂದು ಸಾಲಲಿಲ್ಲ. ಕವುಚಿ ಹಾಕಿ ನೋಡಿದರೆ ರೆಕ್ಕೆಯಲ್ಲಿ ಕೆಂಪಿನ ಛಾಯೆ, ತಲೆಯ ಹಿಂದೆ ಅಂಚುಶಾಲು ಹೊದ್ದಂತೆ ಹಳದಿ. ಸನ್ಮಾನ ಮುಗಿಸಿ ಬಂದವರ ಕಳೆ! ಅನಘ ಕಂದಿನ ಮೇಲೆ ಕಿತ್ತಳೆ ತಿಕ್ಕಿದಳು, ಹಳದಿ ತಿಕ್ಕಿದಳು, ಒಪ್ಪಿಗೆಯಾಗದೆ ಉಗುರಲ್ಲಿ ಕೆರೆದಳು. ಮೀಸೆಗಳು ಮೈಗಿಂತ ಉದ್ದವಿದ್ದುದರಿಂದ ಪತ್ರಿಕೆ ದಾಟಿ ರೆಡಾಕ್ಸೈಡ್ ನೆಲದ ಮೇಲೂ ಒಂದು ಗೇಣು ಹೋದವು.

ಚಿಂಟುವಿಗೆ ಏರೋಪ್ಲೇನ್ ಚಿಟ್ಟೆಯೇ ಆಗಬೇಕು. ಅದರ ನಾಲ್ಕು ರೆಕ್ಕೆಗೆ ಬಣ್ಣವೇ ಇಲ್ಲವಲ್ಲ, ಏನು ತುಂಬುವುದು? ಬಿಳಿ ಕ್ರೆಯಾನು ಕೊಟ್ಟೆ. ನುಣುಪಿಲ್ಲದ ಪತ್ರಿಕೆಯೊಂದರ ಮೇಲೆ ಒತ್ತಿ ಒತ್ತಿ ರೆಕ್ಕೆ ಬರೆದ, ಒಳಗೆ ಬಲೆಯಂತೆ ನರಗಳನ್ನೂ ಎಳೆದ. ಏನೂ ಕಾಣಲಿಲ್ಲ. ದೊಡ್ಡಪ್ಪ ಮೋಸ ಮಾಡಿದನೆಂದು ತುಟಿ ಅದುರುವಷ್ಟರಲ್ಲಿ, ಬಟ್ಟೆಗೆ ಹಾಕುವ ನೀಲಿಯನ್ನು ನೀರಿನಲ್ಲಿ ಕಲಸಿ ಹತ್ತಿಯಿಂದ ಸವರಿದೆವು. ಮೇಣವಿದ್ದ ಕಡೆ ನೀರು ಹಿಡಿಯಲಿಲ್ಲ. ನೀಲಿಯ ನಡುವಿನಿಂದ ನಾಲ್ಕು ರೆಕ್ಕೆ ಮೆಲ್ಲಗೆ ಎದ್ದು ಬಂದವು. ಅವನು ಉಸಿರೇ ಬಿಡಲಿಲ್ಲ.

ಆಮೇಲೆ ಬಣ್ಣದ ಚಿಟ್ಟೆ ಬರೆಯುವಾಗ, ಮುಟ್ಟಿದರೆ ಕೈಗೆ ಬಣ್ಣ ಯಾಕೆ ಹತ್ತುತ್ತದೆ ಎಂಬ ಪ್ರಶ್ನೆ ಬಂತು. ಮೇಲೆ ಮಾಡು ತೋರಿಸಿದೆ. ಹೆಂಚು ಹೊದಿಸಿದ ಹಾಗೆಯೇ ರೆಕ್ಕೆಯ ಮೇಲೂ ಸಣ್ಣ ಸಣ್ಣ ಪೊರೆಗಳ ಸಾಲು, ಬಣ್ಣವಿರುವುದು ಅವುಗಳಲ್ಲಿ. ಉದುರಿದ ಹೆಂಚನ್ನು ನಾವು ಮತ್ತೆ ಹಾಕಬಹುದು, ಚಿಟ್ಟೆಗೆ ಆ ಸೌಲಭ್ಯವಿಲ್ಲ. ಹೇಳುತ್ತಿದ್ದಂತೆಯೇ ಜಾರಿದ ಹೆಂಚಿನ ಸಂದಿಯಿಂದ ಹನಿಯೊಂದು ಚಿಂಟುವಿನ ನೆತ್ತಿಗೆ ಬಿತ್ತು.

ಅಷ್ಟರಲ್ಲಿ ನನ್ನಾಕೆ ಸೊಪ್ಪು ಬಿಡಿಸುವುದನ್ನು ಬಿಟ್ಟು ಒಂದು ಪತ್ರಿಕೆ ಎಳೆದುಕೊಂಡಳು. ಅವಳದು ಹಾವೇರಿ ಕಡೆ. "ನಮ್ಮ ಹೊಲದಾಗ ಮಿರಗ ಮಳಿ ಬಿದ್ದಕೂಡ್ಲೆ ಮಖಮಲ್ಲಿನ ಹುಳ ಬರತಿದ್ವು. ಬೆಂಕಿಪೆಟ್ಟಿಗ್ಯಾಗ ಹಾಕ್ಕೊಂಡು ಸಾಲಿಗೆ ಒಯ್ತಿದ್ವಿ" ಎನ್ನುತ್ತ, ಉಳಿದಿದ್ದ ಕೆಂಪಿನ ಚೂರನ್ನೂ ತೇಯ್ದು ಮುಗಿಸಿದಳು. ಅನಘ ಕಾಲು ಎಣಿಸಿದಳು.

"ಎಂಟಿದೆ! ದೊಡ್ಡಮ್ಮ, ತಪ್ಪು!"

"ಎಂಟ ಇರತಾವ. ನಾ ಎಣಿಸೀನಿ."

ಪಂಚಾಯ್ತಿ ನನ್ನ ಬಳಿ ಬಂತು. ದೊಡ್ಡಮ್ಮನದೇ ಸರಿ. ಈ ಮಖಮಲ್ಲಿನ ಹುಳ, ಅಂದರೆ ಇಂದ್ರಗೋಪ, ಕೀಟಗಳ ಪೈಕಿಯಲ್ಲ, ಜೇಡ, ಉಣುಗುಗಳ ಬಳಗ. ಈ ತೀರ್ಪಿನಿಂದ ನನ್ನಾಕೆಯ ಮುಖಕ್ಕೆ ಬಂದ ಬಣ್ಣ ಯಾವ ಡಬ್ಬಿಯಲ್ಲೂ ಇರಲಿಲ್ಲ.

ಮರುದಿನ ರಾತ್ರಿ ಕರೆಂಟು ಬಂತು. ದೀಪ ಹತ್ತಿದ್ದೇ ತಡ, ಅಡುಗೆಮನೆಯ ಗೋಡೆಯ ಮೇಲೆ ಜೀವಂತ ಜಿರಳೆಯೊಂದು ಕಾಣಿಸಿತು. ನನ್ನಾಕೆ ಪೊರಕೆ ಎತ್ತಿದಳು. ಅನಘ ಓಡಿಬಂದು ಅವಳ ಸೆರಗು ಜಗ್ಗಿದಳು.

"ತಡೀರಿ ದೊಡ್ಡಮ್ಮ, ಅದರ ಕತ್ತಿನ ಹಳದಿ ಇನ್ನೂ ಸರಿ ಬಂದಿಲ್ಲ."

ಪೊರಕೆ ಎತ್ತಿದಲ್ಲೇ ನಿಂತಿತು. ಜಿರಳೆ ಎರಡು ಸಲ ಮೀಸೆಯಾಡಿಸಿ, ಗಡಿಬಿಡಿಯಿಲ್ಲದೆ ಅಕ್ಕಿ ಡಬ್ಬದ ಹಿಂದೆ ಹೋಯಿತು.