ದಿನಾ ರೀಲ್ಸ್ ಯಾರಿಗೆ ಬೇಕ್ರಿ?
'ಸಣ್ಣ ಅಂಗಡಿಯವರೂ ದಿನಾ ಒಂದು ರೀಲ್ಸ್ ಹಾಕಲೇಬೇಕು' ಅಂತ ಒಂದು ಲೇಖನದಾಗ ಓದಿದೆ, ಆ ಮಾತು ನಾ ಒಪ್ಪೂದಿಲ್ಲರಿ. ಇಳಕಲ್ಲಿನ ಸೀರೆ ಅಂಗಡಿಗಾಗಲಿ, ಅಮೀನಗಡದ ಕರದಂಟಿನವರಿಗಾಗಲಿ ಮೊದಲಿಗೆ ಗೂಗಲ್ ಮ್ಯಾಪು, ವಾಟ್ಸಾಪ್ ಬಿಸಿನೆಸ್ ಎರಡು ಸಾಕು. ಮ್ಯಾಪಿನಾಗ ಅಂಗಡಿ ಹೆಸರು ಬೋರ್ಡಿನ ಮ್ಯಾಲೆ ಇದ್ದಂಗ ಇರಲಿ. 'ಬೆಸ್ಟ್, ಹೋಲ್‌ಸೇಲ್' ಅಂತ ಬಾಲ ಹಚ್ಚಿದ್ರ ಪ್ರೊಫೈಲೇ ಅಮಾನತು ಆಗಬಹುದು.

ಹೆಚ್ಚಿನವರು ಎಡವೂದು ವಾಟ್ಸಾಪಿನಾಗ ಒಂದೇ ಮೆಸೇಜ್ ಭಾಳ ಮಂದಿಗೆ ಒಮ್ಮೆಲೇ ಕಳಸೋ ಬ್ರಾಡ್‌ಕಾಸ್ಟ್‌ನಾಗ. ಒಂದು ಪಟ್ಟಿಗೆ 256 ಮಂದಿ ಮಾತ್ರ. ಅದರಾಗೂ ನಿಮ್ಮ ನಂಬರ್ ಸೇವ್ ಮಾಡ್ಕೊಂಡವರಿಗಷ್ಟೇ ಮೆಸೇಜ್ ಮುಟ್ಟತದ. ನೀವು ಅವರ ನಂಬರ್ ಬರ್ಕೊಂಡ್ರ ಸಾಲದು, ಬಿಲ್ ಕೊಡುವಾಗಲೇ ಅವರ ಫೋನಿನಾಗ ನಿಮ್ಮದು ಸೇವ್ ಮಾಡಸ್ರಿ. ಚಿಲ್ಲರೆ ಗಿರಾಕಿಗೆ ಒಂದು ಪಟ್ಟಿ, ಸಗಟು ಒಯ್ಯೋರಿಗೆ ಇನ್ನೊಂದು. ಇಬ್ಬರಿಗೂ ಒಂದೇ ರೇಟಿನ ಮೆಸೇಜ್ ಹೋದ್ರ ಜಗಳ ಗ್ಯಾರಂಟಿ!

ವಾಟ್ಸಾಪ್ ಬಿಸಿನೆಸ್ಸಿನ ಕ್ಯಾಟಲಾಗಿನಾಗ, ಅಂದ್ರ ಮಾಲು ತೋರಿಸೋ ಪಟ್ಟಿಯಾಗ, ಒಂದೊಂದು ಸೀರೆಗೆ ಮೂರು ಫೋಟೊ ಹಾಕ್ರಿ: ಒಡಲು, ದಡಿ, ಟೋಪ ತೆನಿ (ಇಳಕಲ್ ಸೀರೆಯ ಹೆಸರಾದ ಚಿತ್ತಾರ) ಸೆರಗು. ನೇಯ್ಗಿ ರೇಷ್ಮೆನೋ ಹತ್ತಿನೋ, ಬೆಲೆ ಎಷ್ಟು, ಅದೂ ಬರೀರಿ. ಬೆಲೆ ಮುಚ್ಚಿಟ್ರ 'ರೇಟ್ ಎಷ್ಟು' ಅನ್ನೋರಿಗೆ ಉತ್ತರ ಕೊಡೂದ್ರಾಗೇ ಸಂಜಿ ಆಗತದ. ಫೋಟೊ ಮಾತ್ರ ನೆರಳಿನಾಗ, ಬಾಗಿಲ ಬೆಳಕಿಗೆ ತೆಗೀರಿ. ನಡು ಮಧ್ಯಾಹ್ನದ ಬಿಸಿಲಿಗೆ ಸೆರಗಿನ ಕೆಂಪು ಬೆಳ್ಳಗ ಕಾಣತದ, ಆಮ್ಯಾಲೆ 'ಬಣ್ಣ ಬ್ಯಾರೆ ಐತಿ' ಅಂತ ಸೀರೆ ವಾಪಸ್.